ಕಾಣೆಯಾದದ್ದು ಗಂಡನಲ್ಲ, ಜಗಲಿಯ ಕುದುರೆಯಪ್ಪ

ನನ್ನ ಹೆಸರು ಗದಿಗೆವ್ವ. ವಯಸ್ಸು ಎಪ್ಪತ್ತೊಂದು. ಆಧಾರ ಕಾರ್ಡಿನಲ್ಲಿ ಅರವತ್ತೆಂಟು ಎಂದಿದೆ, ಅದು ಕಾರ್ಡು ಮಾಡಿದವರ ಲೆಕ್ಕ. ಉದ್ಯೋಗ ಮನೆಗೆಲಸ ಮತ್ತು ಎರಡು ಎಕರೆ ಹೊಲ ನೋಡಿಕೊಳ್ಳುವುದು. ಓದಿದ್ದು ಮೂರನೆಯ ಇಯತ್ತೆ. ವಾಸ ಡೋಣಿ, ತಾಲೂಕು ಮುಂಡರಗಿ, ಜಿಲ್ಲಾ ಗದಗ. ಗಂಡನ ಹೆಸರು ಎಂಬ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಲು ಹೇಳಿದ್ದೇನೆ. ಕಾರಣ ಮುಂದೆ ಬರುತ್ತದೆ.

ಈ ಹೇಳಿಕೆಯಿಂದ ಠಾಣೆಯವರು ತಿಳಿದುಕೊಳ್ಳಬೇಕಾದದ್ದು ಏನೆಂದರೆ, ನನ್ನ ಗಂಡ ಕಾಣೆಯಾಗಿದ್ದಾರೆಂದು ನಾನು ಯಾರಿಗೂ ದೂರು ಕೊಟ್ಟಿಲ್ಲ. ಅವರು ಎಲ್ಲಿರುತ್ತಾರೆ ಎನ್ನುವುದು ಐವತ್ತಮೂರು ವರ್ಷದಿಂದ ನನಗೆ ಗೊತ್ತಿದೆ. ಕಾಣೆಯಾದದ್ದು ನಮ್ಮ ಮನೆದೇವರು.

ನಮ್ಮ ಮನೆಯವರು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ದಾರಿಯಲ್ಲಿ ಮೂವತ್ತೊಂದು ವರ್ಷ ಟಿಕೀಟು ಹರಿದು ನಿವೃತ್ತರಾಗಿದ್ದಾರೆ. ಆ ಊರುಗಳ ಅಕ್ಕಸಾಲಿಗರ ಅಂಗಡಿಗೆ ಕರಗಿಸಲು ಬಂದ ಹಳೆಯ ಬಿಲ್ಲೆಗಳನ್ನು ಆರಿಸಿ ತರುವುದು ಅವರ ಚಟ. ಎಲ್ಲ ಬಿಲ್ಲೆಗಳೂ ಅಲ್ಲ. ಯಾವುದಾದರೂ ರಾಜ ಯುದ್ಧ ಗೆದ್ದ ನೆನಪಿಗೆ ಹೊಡೆಸಿದ ಪದಕಗಳು ಮಾತ್ರ. ಒಂದರಲ್ಲಿ ರಾಜನ ತಲೆ, ಒಂದರಲ್ಲಿ ಕೋಟೆ, ಇನ್ನೊಂದರಲ್ಲಿ ರೆಕ್ಕೆ ಇದ್ದ ಹೆಂಗಸು. ಒಟ್ಟು ನಲವತ್ತೊಂದು ಇವೆ. ಬಿಸ್ಕೀಟಿನ ಡಬ್ಬಿಯಲ್ಲಿ ಅರಳೆ ಹಾಸಿ ಮಲಗಿಸಿದ್ದಾರೆ. ಆ ಅರಳೆ ನನ್ನ ಮಗಳ ಬಾಣಂತನಕ್ಕೆಂದು ತಂದದ್ದು. ಗೆದ್ದವರು ಯಾರೋ, ಸೋತವರು ಯಾರೋ, ಡಬ್ಬಿಯ ಧೂಳು ಒರೆಸುವವಳು ನಾನು.

ನಮ್ಮ ದೇವರ ಜಗಲಿಯಲ್ಲಿ ಐದು ದೇವರಿದ್ದಾರೆ. ಎಡದಿಂದ ಎರಡನೆಯದು ದುಂಡನೆಯ ಬೆಳ್ಳಿಯ ಬಿಲ್ಲೆ. ಅದರಲ್ಲಿ ಕುದುರೆಯ ಮೇಲೆ ಕತ್ತಿ ಹಿಡಿದು ಕುಳಿತವರಿದ್ದಾರೆ, ಕುದುರೆಯ ಕಾಲ ಕೆಳಗೆ ಇಬ್ಬರು ಬಿದ್ದಿದ್ದಾರೆ. ನನ್ನ ಮಾವನ ತಂದೆ ಬ್ರಿಟಿಷರ ದಂಡಿನಲ್ಲಿ ಹೇಸರಗತ್ತೆ ಕಾಯಲು ಬಸ್ರಾ ಕಡೆ ಹೋಗಿ, ಬರುವಾಗ ಇದನ್ನು ಸೊಂಟದ ಚೀಲದಲ್ಲಿ ತಂದರಂತೆ. ಅತ್ತೆ ಮರಿಯವ್ವ ನೋಡಿದ ಕೂಡಲೇ ಇದು ಏಳುಕೋಟಿ ದೇವರು, ಕಾಲ ಕೆಳಗಿನವರು ಆ ಇಬ್ಬರು ರಾಕ್ಷಸರು ಎಂದು ಜಗಲಿಗೆ ಏರಿಸಿದರು. ಅದೇ ದೇವರ ಹೆಸರನ್ನು ಮಗನಿಗೂ ಇಟ್ಟರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಹೇಳಿದರೆ ಪ್ರಾಸ ಕಟ್ಟಿದ ಒಡಪಿನಲ್ಲಿ ಸೇರಿಸಿ ಹೇಳಬೇಕು. ಹೀಗಾಗಿ ಮದುವೆಯಾಗಿ ಬಂದ ದಿನದಿಂದ ಗಂಡನ ಹೆಸರಿನ ಜೊತೆ ದೇವರ ಹೆಸರೂ ನನ್ನ ಬಾಯಿಂದ ಹೋಯಿತು. ನಾನು ಕುದುರೆಯಪ್ಪ ಎನ್ನುತ್ತೇನೆ. ಪ್ರತಿ ರವಿವಾರ ತೊಳೆದು, ಭಂಡಾರದ ಅರಿಷಿಣಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ಹಚ್ಚುತ್ತೇನೆ. ನನಗಿಂತ ಮೊದಲು ಅತ್ತೆ ಹಚ್ಚುತ್ತಿದ್ದರು.

ದಿನಾಂಕ 13-11-2025, ಗುರುವಾರ, ಬೆಳಿಗ್ಗೆ ಸುಮಾರು 11 ಗಂಟೆಗೆ ನಾನು ಹಿತ್ತಲಿನಿಂದ ಬಂದಾಗ ಮನೆಯವರು ಜಗಲಿಯ ಮುಂದೆ ಕುಳಿತು ಭೂತಗನ್ನಡಿಯಲ್ಲಿ ಕುದುರೆಯಪ್ಪನನ್ನು ನೋಡುತ್ತಿದ್ದರು. ಏನು ನಡೆದಿದೆ ಎಂದು ಕೇಳಿದೆ. "ಇದು ದೇವರಲ್ಲಲೇ, ಪದಕ ಐತಿ. ಯಾವನೋ ರಾಜ ಗೆದ್ದಾನ, ಸುತ್ತಲೂ ಅಕ್ಷರ ಅದಾವು" ಎಂದರು. ರವಿವಾರ ಗದಗ-ಬೆಟಗೇರಿಯಲ್ಲಿ ಹಳೆಯ ನಾಣ್ಯ, ಪದಕ ಕೂಡಿಸುವವರ ಪ್ರದರ್ಶನವಿದೆ, ಸಂಜೆ ಐದಕ್ಕೆ ಅದು ಮುಗಿದ ಮೇಲೆ ಒಬ್ಬರದು ಒಬ್ಬರಿಗೆ ಬದಲಿ ಮಾಡಿಕೊಳ್ಳುತ್ತಾರೆ, ಕೊಲ್ಹಾಪುರದ ಒಬ್ಬರಿಗೆ ಇದನ್ನು ಕೊಟ್ಟರೆ ತಮ್ಮ ಹತ್ತಿರ ಇಲ್ಲದ ಎರಡು ಬರುತ್ತವೆ ಎಂದು ತಿಳಿಸಿದರು.

"ಗೆದ್ದವನ್ನ ನಾವು ದೇವರು ಅಂದ್ರ ನಿಮಗೇನ ತ್ರಾಸು? ನೀವಂತೂ ಒಂದ ಸಂತಿಯಾಗೂ ಗೆದ್ದು ಬಂದವರಲ್ಲ" ಎಂದು ನಾನು ಹೇಳಿದ್ದು ಖರೆ. ಅದಕ್ಕೆ ಅವರು ಭಂಡಾರದ ಬಟ್ಟಲ ಮೇಲೆ ಕೈ ಇಟ್ಟು, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ನಾನು ನಂಬಿದೆ. ಇದು ನನ್ನ ತಪ್ಪು ಎಂದು ಬರೆದುಕೊಳ್ಳಬಹುದು.

ದಿನಾಂಕ 15-11-2025, ಶನಿವಾರ, ಮಧ್ಯಾಹ್ನ 3-20ಕ್ಕೆ ಅವರು ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟರು. ಬೆಟಗೇರಿಯ ಕುತುಬುದ್ದೀನ ಎಂಬವರ ಮನೆಯಲ್ಲಿ ಇರುತ್ತೇನೆ ಎಂದರು. ಇವರೂ ಪದಕ ಕೂಡಿಸುವವರೇ. ಹೋಗುವ ಮುಂಚೆ ನನ್ನ ಮುಖ ನೋಡದೆ, ರೊಟ್ಟಿ ಚಲೋ ಆಗಿದ್ದವು ಎಂದು ಹೇಳಿದರು. ಐವತ್ತಮೂರು ವರ್ಷದಲ್ಲಿ ಹೇಳದವರು ಆ ದಿನ ಯಾಕೆ ಹೇಳಿದರು ಎಂದು ನಾನು ಆಗಲೇ ವಿಚಾರ ಮಾಡಬೇಕಿತ್ತು.

ದಿನಾಂಕ 16-11-2025, ರವಿವಾರ, ಅಂದರೆ ಇವತ್ತು, ಬೆಳಿಗ್ಗೆ 6-10ಕ್ಕೆ ನಾನು ಸ್ನಾನ ಮಾಡಿ, ಹಿತ್ತಾಳೆಯ ತಟ್ಟೆಯಲ್ಲಿ ದೇವರುಗಳನ್ನು ಇಟ್ಟು ತೊಳೆದೆ. ಎರಡನೆಯ ದೇವರ ಮೇಲಿನ ಹಳದಿ ಒಂದೇ ತಂಬಿಗೆ ನೀರಿಗೆ ಇಳಿಯಿತು. ಒಳಗೆ ಕುದುರೆ ಇರಲಿಲ್ಲ, ಕತ್ತಿ ಇರಲಿಲ್ಲ. ಕುತ್ತಿಗೆಯವರೆಗೆ ಒಂದು ಬೋಳು ತಲೆ, ಮೂಗು ಮಾತ್ರ ದೊಡ್ಡದು. ಮನೆಯವರು ತಮ್ಮ ಡಬ್ಬಿಯ ಒಂದು ಪದಕಕ್ಕೆ ಭಂಡಾರ ಬಳಿದು ಆ ಜಾಗದಲ್ಲಿ ಕೂಡಿಸಿ ಹೋಗಿದ್ದರು. ಅಡುಗೆಮನೆಯ ಕಿಟಕಿಯಲ್ಲಿ, ಜಗಲಿಯಿಂದ ಒಂಬತ್ತು ಹೆಜ್ಜೆ ದೂರದಲ್ಲಿ, ಹುಣಸೆಹಣ್ಣು ಕಿವುಚಿದ ಬಟ್ಟಲು ಸಿಕ್ಕಿತು. ನೀರು ಹಳದಿಯಾಗಿತ್ತು. ಅದನ್ನು ಚೆಲ್ಲದೆ ಹಾಗೆಯೇ ಮುಚ್ಚಿಟ್ಟಿದ್ದೇನೆ.

ಅವರ ಫೋನಿಗೆ ಆರು ಸಲ ಮಾಡಿಸಿದೆ, ಬಂದ್ ಆಗಿತ್ತು. 7-40ಕ್ಕೆ ಪೊಲೀಸರಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ಇಷ್ಟೇ: "ನಮ್ಮ ಮನಿದೇವ್ರು ಮನ್ಯಾಗಿಲ್ರಿ. ಗದಗಕ್ಕ ಹೋಗ್ಯಾರ. ಸಂಜಿ ಐದರೊಳಗ ಹಿಡದು ಕೊಡ್ರಿ, ಇಲ್ಲಾಂದ್ರ ಬ್ಯಾರೇದವರ ಪಾಲಾಗ್ತಾರ."

ಫೋನ್ ತೆಗೆದುಕೊಂಡ ಪೊಲೀಸ್ ಕೊಟ್ರೇಶ ಎಂಬವರು ಹೆಸರು ಕೇಳಿದರು. ಆ ಹೆಸರು ನಾನು ಹೇಳುವುದಿಲ್ಲ ಎಂದೆ. "ಆತು ಬಿಡವ್ವ, ತಿಳೀತು. ನಮ್ಮವ್ವನೂ ಹೇಳತಿದ್ದಿಲ್ಲ. ಮನ್ಯಾಗ ಬ್ಯಾರೆ ಯಾರರ ಇದ್ರ ಕೊಡು" ಎಂದರು. ಸೊಸೆ ಸಪ್ನಾ ರೊಟ್ಟಿ ಬಡಿಯುತ್ತಿದ್ದಳು. ದೇವರ ಹೆಸರು ಕೇಳುತ್ತಿದ್ದಾರೆಂದು ತಿಳಿದು "ಮೈಲಾರಪ್ಪ" ಎಂದು ಹೇಳಿ ಹಂಚಿನ ಕಡೆ ಹೋದಳು. ಇಲ್ಲಿಯೂ ಮುಂದೆಯೂ ಈ ಹೆಸರನ್ನು ಬರೆಸಿದವಳು ಅವಳೇ, ನಾನು ಹೇಳಿದ್ದು ಒಡಪಿನಲ್ಲಿ ಮಾತ್ರ. ಈಗಿನವರಿಗೆ ಮಾವನ ಹೆಸರೂ ಒಂದೇ, ಬಸ್ಸಿನ ಬೋರ್ಡೂ ಒಂದೇ.

ಮುಂದೆ ಕೊಟ್ರೇಶ ಅವರು ಕೇಳಿದ್ದಕ್ಕೆಲ್ಲ ನಾನು ಸುಳ್ಳು ಹೇಳಿಲ್ಲ. ವಯಸ್ಸು ಕೇಳಿದರು, ನೂರು ದಾಟಿದೆ ಎಂದೆ. ಅವರು ನಕ್ಕು, ಎಂಬತ್ತು ಎಂದು ಬರೆದುಕೊಳ್ಳುತ್ತೇನೆ ಎಂದರು. ಮೈಕಟ್ಟು ಹೇಗೆ ಎಂದರು, "ಸವದು ಹೋಗ್ಯಾರ್ರಿ" ಎಂದೆ. ಬಣ್ಣ ಕೇಳಿದರು, ಮೈತುಂಬ ಹಳದಿ ಎಂದೆ. ಗುರುತು ಕೇಳಿದರು, "ಮ್ಯಾಲಿನ ಕಿವಿ ಮುರದೈತಿ" ಎಂದೆ. ಬಿಲ್ಲೆಗೆ ದಾರ ಪೋಣಿಸುವ ಕಿವಿ ಅದು. ಗದಗದಲ್ಲಿ ಎಲ್ಲಿ ಸಿಗುತ್ತಾರೆ ಎಂದರು, ಹಳೆಯ ಪದಕಗಳ ಪ್ರದರ್ಶನದಲ್ಲಿ ಎಂದೆ. ಹೋಗುವಾಗ ಮನೆಯಲ್ಲಿ ಜಗಳವಾಗಿತ್ತೇ ಎಂದು ಕೇಳಿದಾಗ, "ಅವರು ಯಾಕ ಜಗಳಾಡ್ತಾರ್ರಿ, ಕುಂಡ್ರಿಸಿದಲ್ಲೇ ಕುಂತಿರತಾರ" ಎಂದೆ. ಇದರಿಂದ ಎಂಬತ್ತು ವರ್ಷದ, ಕೃಶ ಮೈಕಟ್ಟಿನ, ಹಳದಿ ಅಂಗಿಯ, ಕಿವಿ ಹರಿದ, ಸಾಧು ಸ್ವಭಾವದ ಮೈಲಾರಪ್ಪ ಎಂಬವರು ಕಾಣೆಯಾಗಿದ್ದಾರೆಂದು ಎಲ್ಲ ಕಡೆ ಸಂದೇಶ ಹೋಗಿದೆ. ಇದರಲ್ಲಿ ನಮ್ಮ ಮನೆಯವರಿಗೆ ಹೊಂದುವುದು ಹೆಸರೊಂದೇ.

ಮಧ್ಯಾಹ್ನ 12-15ಕ್ಕೆ ಪ್ರದರ್ಶನದ ಸಭಾಗೃಹಕ್ಕೆ ಇಬ್ಬರು ಪೊಲೀಸರು ಹೋಗಿ, ಮೈಲಾರಪ್ಪ ಯಾರು ಎಂದು ಮೈಕಿನಲ್ಲಿ ಕೇಳಿಸಿದರಂತೆ. ಮನೆಯವರು ಬಹುಮಾನ ಬಂದಿದೆ ಎಂದು ತಿಳಿದು ಕೈ ಎತ್ತಿದರಂತೆ. ಅಂಗಿ ಬಿಳಿ ಇತ್ತು, ಎರಡೂ ಕಿವಿ ಸರಿ ಇದ್ದವು. ಆದರೆ ಬಲಗೈಯ ಬೆರಳುಗಳು ಹಳದಿಯಾಗಿದ್ದುದರಿಂದ ಇವರೇ ಎಂದು ತೀರ್ಮಾನಿಸಿ, ಡಬ್ಬಿ ಸಹಿತ ಜೀಪಿನಲ್ಲಿ ಕರೆತಂದರು. ಕುತುಬುದ್ದೀನ ಅವರೂ ಜೊತೆಗೆ ಬಂದರು. 2-10ಕ್ಕೆ ನನಗೆ ಫೋನ್ ಬಂತು: "ಅವ್ವಾ, ನಿಮ್ಮ ಯಜಮಾನರು ಸಿಕ್ಕಾರ, ಅಳಬ್ಯಾಡ." ನಾನು ಅತ್ತಿರಲಿಲ್ಲ.

3-05ಕ್ಕೆ ನಾನು ಮತ್ತು ಸಪ್ನಾ ಠಾಣೆಗೆ ಬಂದೆವು. ಮನೆಯವರು ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಅವರ ಮುಂದಿನಿಂದ ಹಾದು ಮೇಜಿನ ಹತ್ತಿರ ಹೋಗಿ, ನಮ್ಮವರು ಎಲ್ಲಿ ಎಂದು ಕೇಳಿದೆ. ಇವರೇ ಅಲ್ಲವೇ ಎಂದು ಕೊಟ್ರೇಶ ಅವರು ಬೆಂಚು ತೋರಿಸಿದರು. "ಇವರನ್ನ ಯಾರು ಕೇಳ್ಯಾರ್ರಿ? ಇವರು ಹೊಟ್ಟಿ ಹಸಿದ್ರ ತಾವ ಬರ್ತಾರ" ಎಂದೆ. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಪಿಎಸ್‌ಐ ಮೇಡಮ್ ಅವರು ನಡುವೆ ಎರಡು ಸಲ ಒಳಗೆ ಹೋಗಿ ಬಂದರು. ನೀರು ಕುಡಿಯಲು ಎಂದರು.

ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ನನ್ನ ಮುಂದೆ ಇಟ್ಟರು. ಅದು ಹೊಸ ಚಮಚದ ಹಾಗೆ ಬೆಳ್ಳಗಿತ್ತು. ನನಗೆ ಗುರುತು ಸಿಗಲಿಲ್ಲ. ಅಲ್ಲ ಎಂದು ಹೇಳಲು ಕೈಗೆ ತೆಗೆದುಕೊಂಡೆ. ಆಗ ಹೆಬ್ಬೆರಳು ತಾನಾಗಿಯೇ ಒಂದು ತಗ್ಗಿಗೆ ಹೋಗಿ ಕುಳಿತಿತು. ಇವರೇ ಎಂದೆ, ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕುಳಿತೆ. ಎಷ್ಟು ನಿಮಿಷ ಎಂದು ಕೊಟ್ರೇಶ ಅವರು ಕೇಳುತ್ತಿದ್ದಾರೆ, ನನಗೆ ಗೊತ್ತಿಲ್ಲ.

ಮನೆಯವರು ಇದು ತಮ್ಮ ಸಂಗ್ರಹದ ನಲವತ್ತೆರಡನೆಯ ಪದಕ, ತೊಳೆದು ಅಕ್ಷರ ಕಾಣಿಸಿದ್ದು ತಾವು, ಆದ್ದರಿಂದ ಡಬ್ಬಿಯ ಜೊತೆ ತಮಗೇ ಕೊಡಬೇಕು ಎಂದರು. ಮೇಡಮ್ ಅವರು, ಪದಕ ಎಂದು ಬರೆದರೆ ಅವರಿಗೆ ಕೊಡಬೇಕಾಗುತ್ತದೆ, ದೇವರ ಮೂರ್ತಿ ಎಂದು ಬರೆದರೆ ನಿಮಗೆ ಎಂದು ನನಗೆ ಹೇಳಿ, ಎರಡರಲ್ಲಿ ಯಾವುದು ಎಂದು ಕುತುಬುದ್ದೀನ ಅವರನ್ನು ಕೇಳಿದರು. ಅವರು ಕನ್ನಡಕ ಏರಿಸಿ ನೋಡಿ, ಯಾವುದೋ ದೇಶದ ರಾಜ ಒಂದು ಕೋಟೆ ಗೆದ್ದ ನೆನಪಿಗೆ ಹೊಡೆಸಿದ್ದು, ಪದಕವೇನೋ ನಿಜ ಎಂದರು. ಮನೆಯವರು ನನ್ನ ಕಡೆ ನೋಡಿದರು. ಕುತುಬುದ್ದೀನ ಅವರು ಮುಂದುವರಿದು, "ಆದ್ರ ಕಂಡಕ್ಟರ್ ಸಾಹೇಬ್ರ, ಕೊಲ್ಹಾಪುರದವರು ಮುಂಜಾನೆ ನೋಡಿ ಯಾಕ ವಾಪಸ್ ಕೊಟ್ರು ಹೇಳ್ರಲ್ಲ. ರಾಜಾನ ಮಾರಿನ ಇಲ್ಲ ಇದರಾಗ. ಕೆಳಗ ಬಿದ್ದವರ ಕಣ್ಣು ಮೂಗು ಹೊಸಾವ ಇದ್ದಂಗ ಅದಾವು, ಗೆದ್ದವನ್ನ ಈ ಅವ್ವಾರ ಹೆಬ್ಬಟ್ಟು ತಿಂದೈತಿ. ಡಬ್ಬ್ಯಾಗ ಇಟ್ರ ಇದು ಕೆಟ್ಟ ಪದಕ. ಜಗಲಿ ಮ್ಯಾಲ ಇಟ್ರ ಕೆಟ್ಟದ್ದೇನೈತಿ?" ಎಂದರು. ಮನೆಯವರು ಚಹಾದ ಲೋಟದೊಳಗೆ ನೋಡಿದರು. ಅದು ಖಾಲಿಯಾಗಿತ್ತು.

ನಂತರ ಅವರು ಎದ್ದು ಬಂದು, ಹಳದಿ ಬೆರಳಿನಿಂದಲೇ ಬಿಲ್ಲೆಯನ್ನು ನನ್ನ ಕಡೆ ಸರಿಸಿ, "ಒಯ್ಯಿ. ಆ ಬೋಳತಲಿ ರಾಜಾನ್ನ ಮಾತ್ರ ನನಗ ತಿರುಗಿ ಕೊಡು" ಎಂದರು. ಅವನನ್ನು ನಾನು ಹುಣಸೆಹಣ್ಣಿನ ಬಟ್ಟಲಿನಲ್ಲೇ ಇಟ್ಟಿದ್ದೇನೆ, ಬಂದು ತೆಗೆದುಕೊಳ್ಳಬಹುದು ಎಂದು ತಿಳಿಸಿದೆ.

ದೇವರನ್ನು ಒಯ್ಯಲು ಒಂದು ರಶೀದಿ, ಪತ್ತೆಯಾದ ಗಂಡನನ್ನು ಒಯ್ಯಲು ಇನ್ನೊಂದು ರಶೀದಿ ಬೇಕು, ಎರಡರಲ್ಲೂ ಹೆಸರು ನೀವೇ ಹೇಳಬೇಕು ಎಂದು ಮೇಡಮ್ ಹೇಳಿದರು. ಸೊಸೆ ಹೇಳುತ್ತಾಳೆ ಎಂದೆ. ಸೊಸೆ ಹೇಳಿದ್ದಕ್ಕೇ ಇಷ್ಟೆಲ್ಲ ಆಗಿದೆ ಎಂದರು. ಆ ಮಾತು ಸರಿ ಇತ್ತು. ಆದ್ದರಿಂದ ನಾನು ಸೆರಗು ಸರಿ ಮಾಡಿಕೊಂಡು, ಮದುವೆಯ ದಿನದ ನಂತರ ಮೊದಲ ಸಲ, ಎಲ್ಲರ ಸಮಕ್ಷಮದಲ್ಲಿ ಹೇಳಿದ ಒಡಪನ್ನು ಹೇಳಿದ ಹಾಗೆಯೇ ಬರೆಸಿದ್ದೇನೆ:

"ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಹೋಗೂದು ಬರೇ ಭಂಡಾರ,
ಮೈಲಾರಪ್ಪನ್ನ ಕೊಟ್ಟ ಕಳಸ್ರಿ, ಒಲಿ ಮ್ಯಾಲ ಐತಿ ಸಾರ."

ಇದು ಯಾವ ಮೈಲಾರಪ್ಪನಿಗೆ ಎಂದು ಮೇಡಮ್ ಕೇಳಿದರು. ಹೆಸರು ಒಂದೇ ಸಲ ಹೇಳುತ್ತೇನೆ, ಒಂದೇ ರಶೀದಿಯಲ್ಲಿ ಇಬ್ಬರನ್ನೂ ಬರೆದುಕೊಳ್ಳಿರಿ ಎಂದೆ. ಸುಸ್ಥಿತಿಯಲ್ಲಿ ಪಡೆದುಕೊಂಡೆ ಎಂಬ ಮಾತು ಮಾತ್ರ ಬೇಡ. ಒಬ್ಬರನ್ನು ತಿಕ್ಕಿ ಬೆಳ್ಳಗೆ ಮಾಡಿದ್ದಾರೆ, ಇನ್ನೊಬ್ಬರು ಮೊದಲಿನಿಂದಲೂ ಹೀಗೆಯೇ ಇದ್ದಾರೆ. ಇದ್ದ ಸ್ಥಿತಿಯಲ್ಲಿ ಪಡೆದುಕೊಂಡಿದ್ದೇನೆ.

ಮೇಲೆ ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲವೂ ಖರೆ. ಮೊದಲಿಗೆ ಖಾಲಿ ಬಿಟ್ಟ ಜಾಗವನ್ನು ಈಗ ತುಂಬಿಕೊಳ್ಳಬಹುದು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 16-11-2025, ಸಂಜೆ 4-50

ಸಹಿ: ಗದಿಗೆವ್ವ
(ಬಲಗೈ ಹೆಬ್ಬೆರಳಿನ ಗುರುತು ಬೇಕು ಎಂದಾಗ, ಅದು ಬಿಲ್ಲೆಯ ಮೇಲೆ ಇದೆ ಎಂದು ತಿಳಿಸಿದ್ದೇನೆ.)