ಐನೂರ ಏಳನೇ ನಂಬರು

ಇದು ನಮ್ಮ ಚಿಕ್ಕಪ್ಪನ ಮಗ ಚಲುವರಾಜುಗೆ ಆಗಿದ್ದು. ತೊಂಬತ್ತೊಂಬತ್ತರಲ್ಲಿ, ಚಿತ್ತೆ ಮಳೆ ಹಿಡ್ಕೊಂಡಿದ್ದಾಗ.

ಅವನು ಕಂಪ್ಯೂಟರ್ ರಿಪೇರಿಯವನು. ಅವತ್ತು ನಾಗಮಂಗಲದಲ್ಲಿ ಬಸ್ಸಿಳಿದಾಗಲೇ ರಾತ್ರಿ ಹತ್ತು. ಊರಾಚೆ ಒಂದು ಹಾಳು ಬಾವಿ, ಅದರ ಪಕ್ಕದಲ್ಲೇ ದಾರಿ. ಗಾಳಿ ಇಲ್ಲ... ರಾಟೆ ಮಾತ್ರ ಕಿರ್... ಕಿರ್... ಅಂತಿತ್ತು. ತಿರುಗಿ ನೋಡ್ದೆ ನಡ್ದ.

ಹೋಗಿದ್ದು ಮಳೆ ಅಳೆದು ಬರೆದಿಡೋ ಒಂದು ಸಣ್ಣ ಆಪೀಸಿಗೆ. ಮುಂದಿನ ರೂಮಲ್ಲೊಂದು, ಹಿಂದಿನ ರೂಮಲ್ಲೊಂದು ಲಿನಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ನಡಿಯೋ ಕಂಪ್ಯೂಟರು. ನಡುವೆ ವೈರು. ಫೈಲೆಲ್ಲ ಮುಂದಿನದರಲ್ಲಿ, ಬರಿಯೋದು ಹಿಂದಿನದರಲ್ಲಿ ಕೂತು. ಅಂಗಳದ ಶೀಸೇಲಿ ನಿಂತ ಮಳೆ ಅಳೆದು, ಚೆಲ್ಲಿ, ಶೀಸೆ ಒರೆಸಿಟ್ಟು ಹಂಗೆ ಬರೀತಿದ್ದ ದ್ಯಾವಯ್ಯ ಹಾವು ಕಚ್ಚಿ ತೀರ್ಕೊಂಡು ತಿಂಗಳಾಗಿತ್ತು. ಆಮೇಲೆ ಯಾರೂ ಮಳೆ ಅಳೆದಿರಲಿಲ್ಲ. ವೈರನ್ನೂ ಇಲಿ ಕಡಿದಿತ್ತು. ಬೆಳಿಗ್ಗೆ ಹೊಸಬರು ಕೆಲಸಕ್ಕೆ ಬರ್ತಾರೆ, ಅಷ್ಟರಲ್ಲಿ ಸರಿ ಮಾಡಪ್ಪ ಅಂತ ಅಲ್ಲೀವರೆಗೂ ಕಾದು ಕೂತಿದ್ದ ಆಪೀಸಿನ ರಂಜನಿ ಮೇಡಮ್ಮು ಬೀಗದ ಕೈ ಕೊಟ್ಟು ಮನೆಗೋದ್ರು.

ಚಲುವರಾಜು ಹೊಸ ವೈರು ಎಳ್ದ. ಎರಡೂ ಕಂಪ್ಯೂಟರಿಗೆ ಮತ್ತೆ ಸಂಪರ್ಕ ಬಂತು. ಹಿಂದಿನ ರೂಮಿಗೆ ಬೀಗ ಹಾಕಿ, ಬೀಗದ ಕೈನ ಜೇಬಿಗೆ ಇಟ್ಕೊಂಡು, ಮುಂದಿನ ರೂಮಲ್ಲಿ ಕೂತು ಫೈಲು ನೋಡ್ದ. ಬೇರೆ ಎಲ್ಲಾ ಫೈಲಿಗೂ ಯಜಮಾನನ, ಅಂದ್ರೆ ಬರೆದವರ, ಹೆಸರು ತೋರಿಸ್ತು. ಮಳೆ ಫೈಲಿಗೆ ಮಾತ್ರ ಬರೀ ನಂಬರು... ಐನೂರ ಏಳು. ಅದಕ್ಕೇನು ಹೆದರಲಿಲ್ಲ ಅವನು. ಲಿನಕ್ಸು ಮನುಷ್ಯರನ್ನ ನಂಬರಲ್ಲೇ ಗುರುತಿಡೋದು. ಹೆಸರು ಅಳಿಸಿದ್ರೂ ನಂಬರು ಉಳೀತದೆ. ದ್ಯಾವಯ್ಯ ಸತ್ತ ಮೇಲೆ ಅವನ ಹೆಸರನ್ನ ಮೇಡಮ್ಮೇ ಅಳಿಸಿದ್ರು, ಈ ನಂಬರು ಅವನದೇ.

ಆದ್ರೆ ಫೈಲು ಬೆಳೀತಿತ್ತು. ಒಂದೊಂದೇ ಸಾಲು.

ಆಗ ಕೇಳಿಸ್ತು. ಬೀಗ ಹಾಕಿದ ರೂಮಿಂದ... ಟಕ್. ತಡೆದು... ಟಕ್. ಒಂದೇ ಬೆರಳಲ್ಲಿ ಕುಟ್ಟೋ ಹಂಗೆ.

ಚಲುವರಾಜು ಕೀಬೋರ್ಡು ಎಳ್ಕೊಂಡ. ಆ ಫೈಲಿಗೆ ಯಾರೂ ಬರೀದಂಗೆ ಮಾಡಿಬುಟ್ಟ. ಸದ್ದು ನಿಂತೋಯ್ತು.

ಆಮೇಲೆ ಕುರ್ಚಿ ಜರುಗಿತು... ಗರ್ರ್. ಬರಿಗಾಲು, ಗಾರೆ ನೆಲದ ಮೇಲೆ... ಪಟ... ಪಟ... ಬಾಗಿಲ ತಾವ ಬಂದು ನಿಂತ್ವು. ಬಾಗಿಲಾಚೆಯಿಂದ, ಪಿಸುದನಿ:

"ಬರಿಯಕ್ ಬುಡಪ್ಪಾ... ತಿಂಗಳಿಂದ ಉಳ್ದೋಗದೆ."

ಅವನು ಫೈಲನ್ನ ಮತ್ತೆ ಬರಿಯೋ ಹಂಗೆ ಬಿಚ್ಚಿದ. ಬಾಯಿಂದ ಬಂದಿದ್ದು ಒಂದೇ ಮಾತು: "ಬರ್ಕೊಳಣ್ಣ."

ಟಕ್... ಟಕ್... ಮೂರು ಗಂಟೆಗೆ ಮಳೆ ಹುಯ್ತು. ಮಳೆ ನಿಂತ ಮೇಲೂ ಒಂದಷ್ಟು ಹೊತ್ತು ಆ ಸದ್ದು ಇತ್ತು. ಕೋಳಿ ಕೂಗೋ ಹೊತ್ತಿಗೆ ಇಲ್ಲ.

ಬೆಳಿಗ್ಗೆ ಮೇಡಮ್ಮು ಬಂದು, ಅವನ ಹತ್ರ ಬೀಗದ ಕೈ ಇಸ್ಕೊಂಡು ಹಿಂದಿನ ರೂಮಿನ ಬೀಗ ತೆಗೆದ್ರು. ಒಳಗೆ ಯಾರೂ ಇಲ್ಲ. ಫೈಲಲ್ಲಿ ಒಂದು ದಿನವೂ ಖಾಲಿ ಇಲ್ಲ. ಕೊನೇ ಸಾಲು ಅವತ್ತಿನದೇ, ಹನ್ನೊಂದು ಮಿಲಿಮೀಟರು.

ಚಲುವರಾಜುಗೆ ಜ್ವರ ಬಂದಿತ್ತು. ಅವತ್ತೇ ಕರ್ಕೊಂಬರಕ್ಕೆ ಹೋದವನು ನಾನೇ. ಅಂಗಳದಲ್ಲಿ ನೀರು ಇನ್ನೂ ನಿಂತಿತ್ತು. ಮಳೆ ಹಿಡಿಯೋ ಶೀಸೆ ಎತ್ತಿ, ಒಳಕ್ಕೆ ಬೆರಳು ಬುಟ್ಟು ನೋಡ್ದೆ... ಒರೆಸಿಟ್ಟಂಗೆ ಒಣಗಿತ್ತು. ನನ್ನ ಬೆರಳು ಕಣಪ್ಪ, ಇನ್ಯಾರದೋ ಅಲ್ಲ.