ಬ್ಯಾನರಿನ ಮೇಲಿನ ಬಿಳಿ ಕಾಗದ

ಮಾನ್ಯ ಅಧ್ಯಕ್ಷರಾದ ಸೇತುರಾಮ ಅವರೇ, ಮುಖ್ಯ ಅತಿಥಿಗಳೇ, ತಿಂಡಿ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ಸಿಂಗಾಪುರ ಬಡಾವಣೆಯ ಸಭಿಕರೇ,

ನಮ್ಮ ಬಡಾವಣೆಯ ಸಂಘದ ವಾರ್ಷಿಕೋತ್ಸವದಲ್ಲಿ ಇಂದು, ಅಪ್ಪನ ಮಂಡಿ ನಡೆಸಿ ಮನೆ ಕಾಪಾಡಿದ ನಮ್ಮ ಹುಡುಗಿ ತೇಜಸ್ವಿನಿಗೆ ಸನ್ಮಾನ. ಆದರೆ ನಿಮ್ಮ ಕಣ್ಣೆಲ್ಲ ನನ್ನ ಬೆನ್ನ ಹಿಂದಿನ ಬ್ಯಾನರಿನ ಮೇಲಿದೆ. ಅವಳ ಹೆಸರಿನ ಪಕ್ಕ ಬಿಳಿ ಕಾಗದ ಏಕೆ ಅಂಟಿಸಿದೆ? ಅದರ ಕೆಳಗೆ ‘ಬಿ.ಕಾಂ.’ ಎಂದಿದೆ. ಹಾಕಿಸಿದವನು ಕಾರ್ಯದರ್ಶಿಯಾದ ನಾನೇ. ಸನ್ಮಾನ ಎಂದ ಮೇಲೆ ಹೆಸರಿನ ಮುಂದೆ ಡಿಗ್ರಿ ಇಲ್ಲದಿದ್ದರೆ ಬ್ಯಾನರು ಬೋಳಾಗಿ ಕಾಣುವುದಿಲ್ಲವೇ? ಸಂಜೆ ಅದನ್ನು ನೋಡಿದ ಹುಡುಗಿ, "ಮಾವ, ಇದನ್ನ ಮುಚ್ಚೋವರ್ಗೂ ನಾನ್ ಸ್ಟೇಜ್ ಹತ್ತಲ್ಲ" ಎಂದು ಬಾಗಿಲಲ್ಲೇ ನಿಂತುಬಿಟ್ಟಳು.

ಅವಳು ಓದಿದ್ದು ಎರಡು ವರ್ಷ. ಅಷ್ಟರಲ್ಲಿ ತಂದೆ ವೆಂಕಟೇಶಪ್ಪನವರು ಹಾಸಿಗೆ ಹಿಡಿದರು. ಯಶವಂತಪುರದಲ್ಲಿ ಅವರ ಈರುಳ್ಳಿ ಮಂಡಿಯನ್ನು ಇವಳೇ ನಡೆಸಿದಳು. ಅಪ್ಪ ಎದ್ದು ಓಡಾಡುವಂತಾದ ಮೇಲೆ ಹೆಬ್ಬಾಳದ ಒಂದು ಆಫೀಸಿಗೆ ಅರ್ಜಿ ಹಾಕಲು ಹೊರಟಳು. ಆಗ ಎದ್ದಿತು ಪ್ರಶ್ನೆ: ಮುಗಿಯದ ಕಾಲೇಜನ್ನು ರೆಸ್ಯೂಮಿನಲ್ಲಿ ಹೇಗೆ ಬರೆಯುವುದು?

ನಮ್ಮಲ್ಲಿ ಸಲಹೆಗೆ ಬರವೇ? "ಬಿ.ಕಾಂ. ಅಂತ ಹಾಕ್ಬಿಡು, ಯಾರ್ ನೋಡ್ತಾರೆ" ಎಂದ ಪಕ್ಕದ ಮನೆಯ ಶರತ್. "ಕಾಲೇಜಿನ ಸುದ್ದೀನೇ ಎತ್ಬೇಡ ಕಣೇ, ಪಿಯುಸಿಗೆ ನಿಲ್ಸು" ಎಂದರು ಕೃಷ್ಣವೇಣಿ ಮೇಡಂ. ನಾನೂ ಅದನ್ನೇ ಹೇಳಿದೆ. ನಾನೂ ಕಾಲೇಜಿನ ಮೆಟ್ಟಿಲು ಹತ್ತಿ ಅರ್ಧಕ್ಕೇ ಇಳಿದವನು. ಎಲ್ಲಿಯೂ ಬರೆದಿಲ್ಲ, ಮನೆಯಲ್ಲೂ... ಹೋಗಲಿ ಬಿಡಿ, ಮನೆಯವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ತೇಜಸ್ವಿನಿ ಬರೆದದ್ದು ಇಷ್ಟು: ‘ಬಿ.ಕಾಂ., ಎರಡು ವರ್ಷ ಓದಿದ್ದೇನೆ, ಪದವಿ ಮುಗಿದಿಲ್ಲ.’ ಅದರ ಕೆಳಗೇ ಮಂಡಿಯ ಕೆಲಸ.

ನಮ್ಮಜ್ಜಿ ಮುನಿಕೆಂಪಮ್ಮ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. "ಊಂ ಅನ್ನೋರಿಲ್ದಿದ್ರೆ ಕತೆ ಎಂಗ್ಲಾ ಮುಂದುಕ್ ಓಯ್ತದೆ?" ಎನ್ನುತ್ತಿದ್ದಳು. ರಾಜಕುಮಾರ ಕಾಡಿನಲ್ಲಿರುವಾಗಲೇ ನಮಗೆ ನಿದ್ದೆ ಬಂದರೆ, ಕಥೆ ಮುಗಿಯಿತೆಂದು ಅಜ್ಜಿ ಎಂದೂ ಸುಳ್ಳು ಹೇಳಿದವಳಲ್ಲ. ಮರುದಿನ ಆ ಕಾಡಿನಿಂದಲೇ ಶುರು.

ಆಫೀಸಿನ ಮ್ಯಾನೇಜರಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, "ಯಾಕಮ್ಮ ಅರ್ಧಕ್ಕೇ ನಿಲ್ಸಿದ್ರಿ?" ಎಂದರಂತೆ.

"ಅಪ್ಪಂಗೆ ಹುಷಾರಿರ್ಲಿಲ್ಲ ಮೇಡಂ, ಮಂಡಿ ನೋಡ್ಕೊಂಡೆ."

"ಹೂಂ, ಆಮೇಲೆ?"

ಆ ಒಂದು ‘ಹೂಂ’ ಸಾಕಾಯಿತು ನೋಡಿ! ಹರಾಜು, ತಡವಾಗಿ ಬಂದ ಲಾರಿ, ಜಗಳಕ್ಕೆ ನಿಂತ ವ್ಯಾಪಾರಿಗಳನ್ನು ಟೀ ಕುಡಿಸಿ ತಣ್ಣಗೆ ಮಾಡಿದ್ದು, ಎಲ್ಲವೂ ಹೊರಬಂತು. ಕೆಲಸ ಸಿಕ್ಕಿತು. ನಿಂತಿದ್ದ ಓದನ್ನೂ ಈಗ ಸಂಜೆ ಕಾಲೇಜಿನಲ್ಲಿ ಮತ್ತೆ ಹಿಡಿದಿದ್ದಾಳೆ, ಬಿಟ್ಟ ಕಾಡಿನಿಂದಲೇ.

ಆದ್ದರಿಂದ ಈ ಬ್ಯಾನರನ್ನು ನಾವು ಎಸೆಯುವುದಿಲ್ಲ. ಕಾಗದಕ್ಕೆ ನಾನು ಗೋಂದು ಹಚ್ಚಲು ಹೋಗಿದ್ದೆ. ಅವಳೇ ತಡೆದು, "ಬರೀ ಟೇಪ್ ಹಾಕಿ ಮಾವ, ಮುಂದೆ ಕೀಳೋದಿದೆ" ಎಂದಳು.

ಕೀಳುವ ದಿನ ನೀವೆಲ್ಲರೂ ಬರುತ್ತೀರಿ ತಾನೇ? ಎಲ್ಲಿ, ಒಮ್ಮೆ ಹೂಂ ಅನ್ನಿ.

ಕೇಳಿಸಿತು. ಕೂತು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.