ಮೇಷ್ಟ್ರ ಎಡಗೈ

ಚಳಿಗಾಲದ ಒಂದು ಶುಕ್ರವಾರ ಬೆಳಗ್ಗೆ, ಆಸ್ಪತ್ರೆಯ ಬಾಗಿಲು ತೆರೆದು ಹೆಚ್ಚು ಹೊತ್ತಾಗಿರಲಿಲ್ಲ. ಮೊಣಕಾಲು ತೋರಿಸಲು ಬಂದಿದ್ದ ಅಜ್ಜಿಯೊಬ್ಬರ ಪಕ್ಕದಲ್ಲಿ ಗಾಲ್ಫ್ ಕಲಿಸುವ ಮೇಷ್ಟ್ರೊಬ್ಬರು ಮಗಳೊಡನೆ ಕೂತಿದ್ದರು. ಅವರ ಎಡಗೈ ಮರಗಟ್ಟಿ ವಾರವಾಗಿತ್ತಂತೆ. ಅಜ್ಜಿಯ ಊರುಗೋಲನ್ನು ಕೇಳಿ ಪಡೆದು, ತಲೆಕೆಳಗು ಮಾಡಿ ಗಾಲ್ಫ್ ಕೋಲಿನಂತೆ ಹಿಡಿದು ಮಗಳತ್ತ ತಿರುಗಿದರು.

"ಎಡಗೈ ಮೊದಲು, ಅಲ್ವೇನಮ್ಮ?"

"ಊರಿಗೆಲ್ಲ ಕಲಿಸಿದೋರು ನನ್ನ ಕೇಳ್ತೀರಲ್ಲಪ್ಪ."

"ಹೇಳೇ, ಪುಣ್ಯಾತ್ಗಿತ್ತಿ."

"ಕೋಲು ಅಂಗೈಲಲ್ಲ, ಬೆರಳಿನ ಬುಡದಲ್ಲಿ ಕೂರಬೇಕು. ಕೊನೇ ಮೂರು ಬೆರಳು ಬಿಗಿ, ಉಳಿದದ್ದು ಹಗುರ."

"ಈಗ ಸರಿಯಾಗಿದ್ಯಾ? ಸೋಮವಾರ ಹೊಸಬರು ಬರ್ತಾರೆ. ಅವರ ಮುಂದೆ ಕೋಲು ಜಾರಿದ್ರೆ ನನ್ನ ಕೆಲಸ ಮುಗೀತು."

"ಸರಿಯಾಗಿದೆ."

ಕಿರುಬೆರಳೂ ಉಂಗುರದ ಬೆರಳೂ ಕೋಲನ್ನು ಮುಟ್ಟದೆ ಗಾಳಿಯಲ್ಲಿ ನಿಂತಿದ್ದುದು ಅಜ್ಜಿಯ ಕಣ್ಣಿಗೆ ಬಿತ್ತು. ಮಗಳೂ ಅದನ್ನೇ ನೋಡುತ್ತಿದ್ದಳು.

"ಬಿಗಿ ಸಾಲದೇನೋ?"

"ಸಾಕಪ್ಪ. ಕೋಳಿ ಕತ್ತು ಹಿಸುಕೋ ಹಾಗೆ ಹಿಡೀಬೇಡ ಅಂತ ನೀವೇ ನನ್ನ ಬೈತಿದ್ರಿ."

ಮೇಷ್ಟ್ರು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ಡಾಕ್ಟ್ರು ತಮ್ಮ ಬೆರಳು ಕೊಟ್ಟು, ಗಟ್ಟಿಯಾಗಿ ಹಿಡ್ಕೊಳ್ಳಿ ಅಂತಾರಂತೆ. ಹಿಡಿದ್ನೋ ಇಲ್ವೋ ನನಗೇ ತಿಳಿಯಲ್ವಲ್ಲೇ."

"ನಾನು ಪಕ್ಕದಲ್ಲೇ ಇರ್ತೀನಿ, ಹೇಳ್ತೀನಿ."

"ನೀನು ಸುಳ್ಳು ಹೇಳ್ತೀಯ."

ಅಷ್ಟರಲ್ಲಿ ನರ್ಸ್ ಕರೆದಳು. ಮೇಷ್ಟ್ರು ಅಜ್ಜಿಗೆ ಕೋಲು ಹಿಂದಿರುಗಿಸಿ ಎದ್ದರು. ಮಗಳು ಅವರ ಎಡಗೈಯ ಬೆರಳುಗಳನ್ನು ಒಂದೊಂದಾಗಿ ತನ್ನ ಕೈಯ ಸುತ್ತ ಮಡಿಸಿಕೊಂಡಳು. ಅಪ್ಪ ಮಗಳು ಹಾಗೆಯೇ ಒಳಗೆ ಹೋದರು.